ಗರ್ಭಿಣಿಯ ಸಕ್ಕರೆಯೂ ನಮ್ಮ ನಾಲಿಗೆಯೂ



ಕಳೆದ ವಾರ ಒಂದು ಸಂಜೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮನೆಗೆ ಬಂದಿದ್ದಳು. ನಮ್ಮೂರಿನ ಸಾವಿರಾರು ಜನರಂತೆ ಅವಳೂ ಬೆಳಗಿನ ರೈಲಿನಲ್ಲಿ ಬಂಗಾರಪೇಟೆಯ ಮೇಲೆ ಬೆಂಗಳೂರಿಗೆ ಹೋಗಿ, ಕತ್ತಲಾದ ಮೇಲೆ ಮರಳುವವಳು. ಆ ದಿನ ಕೋರಮಂಡಲ್ ನಿಲ್ದಾಣದಲ್ಲಿ ಇಳಿದು ತನ್ನ ಮನೆಗೂ ಹೋಗದೆ ನೇರವಾಗಿ ನಮ್ಮ ಮನೆಯ ಬಾಗಿಲು ತಟ್ಟಿದಳು. ಅವಳಿಗೆ ಈಗ ಏಳನೆಯ ತಿಂಗಳು. ಕುಡಿಯಲು ಕೊಟ್ಟ ಮಜ್ಜಿಗೆಯನ್ನು ಕೈಯಲ್ಲಿ ಹಿಡಿದುಕೊಂಡೇ ಕೇಳಿದಳು:

"ಟೀಚರ್, ನನಗೆ ಶುಗರ್ ಬಂದಿದೆಯಂತೆ. ನಾನು ಏನು ತಪ್ಪು ಮಾಡಿದೆ?"

ವಿಷಯವನ್ನು ಅತ್ತೆಗೆ ಇನ್ನೂ ತಿಳಿಸಿರಲಿಲ್ಲ. ಗಂಡನಿಗೆ ಅರ್ಧ ಹೇಳಿದ್ದಳು. ನಾಲ್ಕು ದಿನಗಳಿಂದ ಹೆದರಿ ರಾತ್ರಿಯ ಊಟವನ್ನೇ ಬಿಟ್ಟಿದ್ದಳು. ಅವಳ ಪ್ರಶ್ನೆಗೆ ನಾನು ಕೂಡಲೇ ಉತ್ತರಿಸಲಾಗಲಿಲ್ಲ. ಏಕೆಂದರೆ ಇದೇ ಪ್ರಶ್ನೆಗೆ ಹಿಂದೊಮ್ಮೆ ನಾನು ಕೊಟ್ಟ ಉತ್ತರ ನೆನಪಾಗಿ ನಾಚಿಕೆಯಾಯಿತು. ಆ ನಾಚಿಕೆಯನ್ನು ನಿಮ್ಮೆದುರು ಒಪ್ಪಿಕೊಳ್ಳದೆ ಈ ವಿಷಯದಲ್ಲಿ ಉಪದೇಶ ಮಾಡುವ ಅಧಿಕಾರ ನನಗಿಲ್ಲ.

ಅದು 2016ರ ಮೇ ತಿಂಗಳು. ನನಗೆ ನಿವೃತ್ತಿಗೆ ಇನ್ನೆರಡು ವರ್ಷಗಳಿದ್ದವು. ಬೇಸಿಗೆ ರಜೆಯಲ್ಲಿ ಮನೆಯಲ್ಲಿದ್ದೆ. ಚೊಚ್ಚಲ ಗರ್ಭಿಣಿಯಾದ ಮಗಳು ತವರಿಗೆ ಬಂದಿದ್ದಳು. ಆರನೆಯ ತಿಂಗಳ ಪರೀಕ್ಷೆಯಲ್ಲಿ ಗ್ಲೂಕೋಸ್ ನೀರು ಕುಡಿಸಿ, ಎರಡು ಗಂಟೆಗಳ ಬಳಿಕ ರಕ್ತ ತೆಗೆದು ನೋಡಿದಾಗ 162 ಬಂತು. 140ರ ಒಳಗಿರಬೇಕಾಗಿತ್ತು. ಮಗಳ ಮುಖ ಬಿಳಿಚಿಕೊಂಡಿತು. ನಿರ್ನಾಳ ಗ್ರಂಥಿಗಳ ಪಾಠವನ್ನು ಹತ್ತನೆಯ ತರಗತಿಗೆ ಮೂವತ್ತು ವರ್ಷ ಬೋಧಿಸಿದ್ದ ನನ್ನ ಬಾಯಿಂದ ಬಂದ ಮೊದಲ ಮಾತು ಹೀಗಿತ್ತು: "ದಿನಾ ಮಾವಿನಹಣ್ಣು ತಿನ್ನಬೇಡ ಅಂತ ಹೇಳಿರಲಿಲ್ಲವೇನೇ?"

ಹಾಗೆ ನಾನು ಎಂದೂ ಹೇಳಿರಲಿಲ್ಲ. ಶ್ರೀನಿವಾಸಪುರದ ಆ ಮಾವಿನಹಣ್ಣಿನ ಬುಟ್ಟಿಯನ್ನು ಮನೆಗೆ ತಂದವಳೂ ನಾನೇ.

ಮಗಳು ಮರುಮಾತಾಡಲಿಲ್ಲ. ಮರುದಿನ ಮನೆಗೆ ಗ್ಲುಕೋಮೀಟರ್ ಬಂತು. ನಾನು ಶಿಸ್ತಿನ ಟೀಚರಲ್ಲವೇ? ಒಂದು ನೋಟ್‌ಬುಕ್ಕಿನಲ್ಲಿ ಅಡಿಪಟ್ಟಿಯಿಟ್ಟು ಗೆರೆ ಎಳೆದೆ. ಬೆಳಗಿನ ಖಾಲಿ ಹೊಟ್ಟೆಯದು 95ರ ಒಳಗೆ, ಊಟವಾದ ಎರಡು ಗಂಟೆಯ ನಂತರದ್ದು 120ರ ಒಳಗೆ ಇರಬೇಕೆಂದು ವೈದ್ಯರು ಹೇಳಿದ್ದರು. ಮಿತಿಯೊಳಗಿದ್ದರೆ ಕೆಂಪು ಶಾಯಿಯಲ್ಲಿ ಸರಿ ಗುರುತು, ಮೀರಿದರೆ ಕೆಂಪು ಸುತ್ತು. ಮೊದಲ ಕೆಲವು ದಿನ ಸುತ್ತುಗಳೇ ಹೆಚ್ಚು. ಆಮೇಲೆ ಸಾಲಾಗಿ 112, 116, 118. ನಾನು ಹಿಗ್ಗಿದೆ. ಪಥ್ಯ ಫಲ ಕೊಟ್ಟಿತೆಂದು ಬೀಗರಿಗೆ ಫೋನ್ ಮಾಡಿಯೂ ಹೇಳಿದೆ.

ಹತ್ತು ದಿನಗಳಾದ ಮೇಲೆ ಒಂದು ಮಧ್ಯಾಹ್ನ, ಮಗಳು ಮಲಗಿದ್ದಾಗ, ಆ ಯಂತ್ರವನ್ನು ಒರೆಸಿಡಲು ಕೈಗೆತ್ತಿಕೊಂಡೆ. ಗುಂಡಿ ಒತ್ತಿಹೋಗಿ ಹಿಂದಿನ ಫಲಿತಾಂಶಗಳು ಒಂದೊಂದಾಗಿ ಪರದೆಯ ಮೇಲೆ ಬಂದವು. 158. 171. 149. ಪುಸ್ತಕದಲ್ಲಿ ಅದೇ ದಿನಗಳಿಗೆ 118, 116, 112 ಎಂದಿತ್ತು, ನನ್ನ ಕೆಂಪು ಗುರುತಿನ ಸಮೇತ.

ಮೂರನ್ನು ಎಂಟಾಗಿ ತಿದ್ದಿದ ಪ್ರಗತಿಪತ್ರಗಳನ್ನು, ತಂದೆಯ ಸಹಿಯನ್ನು ತಾವೇ ಹಾಕಿಕೊಂಡು ಬಂದ ಮಕ್ಕಳನ್ನು ನಾನು ಎಷ್ಟೋ ನೋಡಿದ್ದೇನೆ. ಇದನ್ನು ಓದುತ್ತಿರುವ ನಿಮ್ಮಲ್ಲಿ ಒಬ್ಬಿಬ್ಬರು ಈಗ ನಗುತ್ತಿರಬಹುದು. ಅಂಥ ಮಕ್ಕಳು ಸುಳ್ಳಿನ ಮೋಹದಿಂದ ಸುಳ್ಳಾಡುವುದಿಲ್ಲ, ಮನೆಯ ಭಯದಿಂದ ಆಡುತ್ತಾರೆ ಎಂದು ಪೋಷಕರ ಸಭೆಗಳಲ್ಲಿ ಹೇಳುತ್ತಲೇ ಬಂದವಳು ನಾನು. ಆ ಮಾತು ಒಂದು ದಿನ ತಿರುಗಿ ನನ್ನ ಮನೆಯ ಹೊಸಿಲಿಗೇ ಬಂದು ನಿಂತಿತು.

ಅಂದು ರಾತ್ರಿ ಅವಳ ಮಂಚದ ಪಕ್ಕ ಕುಳಿತು, "ಯಾಕಮ್ಮಾ ಹೀಗೆ ಬರೆದೆ?" ಎಂದು ಕೇಳಿದೆ. "ನಿನ್ನ ಕೆಂಪು ಶಾಯಿ ನೋಡಿದ್ರೆ ಭಯ ಆಗ್ತದಮ್ಮ. ಮಗೂಗೆ ನಾನೇ ವಿಷ ಕೊಡ್ತಿದೀನಿ ಅನ್ನಿಸ್ತದೆ" ಎಂದು ಅತ್ತಳು. ತಾಯಿಯ ಮಾತಿಗೆ ಹೆದರಿ ಅವಳು ಮುಚ್ಚಿಟ್ಟ ಸಂಖ್ಯೆಗಳು ನಿಜಕ್ಕೂ ಮಗುವಿಗೆ ಕೆಡುಕು ತರಬಹುದಾಗಿದ್ದವು. ಸಕ್ಕರೆಗಿಂತ ಮೊದಲು ನನ್ನ ನಾಲಿಗೆಗೆ ಪಥ್ಯ ಬೇಕಾಗಿತ್ತು.

ಮರುದಿನವೇ ಯಂತ್ರವನ್ನೂ ಪುಸ್ತಕವನ್ನೂ ವೈದ್ಯರ ಮುಂದಿಟ್ಟೆವು. ಆ ಮಹಿಳೆ ಗದರಲಿಲ್ಲ. "ಇವು ಮಾರ್ಕ್ಸ್ ಅಲ್ಲಮ್ಮ. ಔಷಧಿ ಎಷ್ಟು ಬೇಕು ಅಂತ ನನಗೆ ದಾರಿ ತೋರಿಸೋ ಲೆಕ್ಕ, ಅಷ್ಟೇ" ಎಂದರು. ಇನ್ಸುಲಿನ್ ಆರಂಭಿಸಿದರು. ನಂತರ ಮನೆಯಲ್ಲಿ ಯಾರಿಗಾದರೂ ಮಧುಮೇಹ ಇದೆಯೇ ಎಂದು ಕೇಳಿದರು. ನಾನು 2007ರಿಂದ ಮಾತ್ರೆ ನುಂಗುತ್ತಿದ್ದೇನೆ ಎಂದೆ. "ನಿಮ್ಮ ಮಗಳು ಹುಟ್ಟಿದಾಗ ತೂಕ ಎಷ್ಟಿತ್ತು?" "ನಾಲ್ಕು ಕಿಲೋ ದಾಟಿತ್ತು. ಗುಂಡುಮಗು ಅಂತ ಎಲ್ಲರೂ ಹೊಗಳಿದ್ದರು." ಅವರು ಏನೂ ಹೇಳದೆ ಬರೆದುಕೊಂಡರು. ನನಗೆ ಅರ್ಥವಾಯಿತು. ನಾನು ಬಸುರಿಯಾಗಿದ್ದ 1988ರಲ್ಲಿ ನನಗೆ ಈ ಪರೀಕ್ಷೆಯಾಗಿರಲಿಲ್ಲ. ಆಗಿದ್ದರೆ ಫಲಿತಾಂಶ ಏನಿರುತ್ತಿತ್ತೋ! ಮಾವಿನಹಣ್ಣಿನ ಮೇಲೆ ನಾನು ಹೊರಿಸಿದ ಅಪವಾದದಲ್ಲಿ ನನ್ನದೇ ವಂಶದ ಪಾಲು ಇದ್ದಿರಬೇಕು.

ವಿಜ್ಞಾನ ಹೇಳುವುದು ಇಷ್ಟು. ಗರ್ಭದಲ್ಲಿ ಮಗುವನ್ನು ಪೋಷಿಸುವ ಜರಾಯು, ನಮ್ಮ ಹೆಂಗಸರು ಮಾಸು ಎಂದು ಕರೆಯುವುದು, ಕೆಲವು ಹಾರ್ಮೋನುಗಳನ್ನು ಸ್ರವಿಸುತ್ತದೆ. ಮಗುವಿಗೆ ಆಹಾರ ಸಾಲದೆ ಹೋಗಬಾರದೆಂಬಂತೆ, ಅವು ತಾಯಿಯ ದೇಹದಲ್ಲಿ ಇನ್ಸುಲಿನ್ನಿನ ಕೆಲಸವನ್ನು ಕುಂಠಿತಗೊಳಿಸುತ್ತವೆ. ಅದನ್ನು ಸರಿದೂಗಿಸಲು ಮೇದೋಜೀರಕ ಗ್ರಂಥಿ ಮೊದಲಿಗಿಂತ ಎರಡು ಪಟ್ಟು, ಕೆಲವೊಮ್ಮೆ ಇನ್ನೂ ಹೆಚ್ಚು ಇನ್ಸುಲಿನ್ ತಯಾರಿಸಬೇಕಾಗುತ್ತದೆ. ಬಹುಪಾಲು ಹೆಂಗಸರಲ್ಲಿ ಇದು ಸಾಧ್ಯವಾಗುತ್ತದೆ. ಕೆಲವರಲ್ಲಿ ಆಗುವುದಿಲ್ಲ, ಅಲ್ಲಿ ಸಕ್ಕರೆ ಏರುತ್ತದೆ. ಆ ಸಕ್ಕರೆ ಜರಾಯುವನ್ನು ದಾಟಿ ಮಗುವನ್ನು ಸೇರುತ್ತದೆ, ಮಗು ಮಿತಿಮೀರಿ ಬೆಳೆಯುತ್ತದೆ, ಹೆರಿಗೆ ಕಷ್ಟವಾಗುತ್ತದೆ. ಹುಟ್ಟಿದ ಕೂಡಲೇ ಮಗುವಿನ ಸಕ್ಕರೆ ತೀರ ಕೆಳಗಿಳಿಯುವ ಅಪಾಯವೂ ಉಂಟು. ಈ ಕಥೆಯಲ್ಲಿ ಬಾಯಿಚಪಲದ ಪಾತ್ರ ಬಲು ಚಿಕ್ಕದು. ತಿಂದದ್ದಕ್ಕೆ ಸಿಕ್ಕ ಶಿಕ್ಷೆ ಎಂದು ಹೇಳುವುದಂತೂ ಅಜ್ಞಾನ.

ಇದು ನಮ್ಮ ನಾಡಿಗೆ ಹೊಸದಲ್ಲ, ಅಪರೂಪವೂ ಅಲ್ಲ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ, ಜನ ಮಿಷನ್ ಆಸ್ಪತ್ರೆ ಎನ್ನುತ್ತಾರಲ್ಲ ಅಲ್ಲಿ, 1997-98ರಲ್ಲಿ ನೂರಾರು ಗರ್ಭಿಣಿಯರನ್ನು ಪರೀಕ್ಷಿಸಿದಾಗ ನೂರಕ್ಕೆ ಸುಮಾರು 6 ಮಂದಿಯಲ್ಲಿ ಇದು ಕಂಡಿತು. ಸಂಶೋಧಕರು ಆ ತಾಯಂದಿರನ್ನು ಐದು ವರ್ಷಗಳ ನಂತರ ಮತ್ತೆ ಪರೀಕ್ಷಿಸಿದರು. ಗರ್ಭಾವಧಿಯಲ್ಲಿ ಮಧುಮೇಹವಿದ್ದವರಲ್ಲಿ ನೂರಕ್ಕೆ 37 ಮಂದಿಗೆ ಆ ವೇಳೆಗೆ ಶಾಶ್ವತ ಮಧುಮೇಹ ಬಂದಿತ್ತು. ಇಲ್ಲದವರಲ್ಲಿ ನೂರಕ್ಕೆ 2 ಮಾತ್ರ. ಹೆರಿಗೆಯಾದ ಮೇಲೆ ಸಕ್ಕರೆ ಸಾಮಾನ್ಯವಾಗಿ ತಾನಾಗಿ ಇಳಿಯುತ್ತದೆ, ನಿಜ. ಆದರೆ ಅದು ಕೊಟ್ಟ ಎಚ್ಚರಿಕೆಯನ್ನು ಮರೆಯಬಾರದು. ಆರು ವಾರಗಳ ನಂತರ ಇನ್ನೊಮ್ಮೆ ಪರೀಕ್ಷೆ, ಆಮೇಲೂ ಕಾಲಕಾಲಕ್ಕೆ ಪರೀಕ್ಷೆ ಬೇಕೇ ಬೇಕು. ಬಾಣಂತನದ ಗಡಿಬಿಡಿಯಲ್ಲಿ ತಾಯಿಯೂ ಮನೆಯವರೂ ಬಿಟ್ಟುಬಿಡುವುದು ಇದನ್ನೇ.

ಚೆನ್ನೈನ ಡಾ. ವಿ. ಶೇಷಯ್ಯ ಅವರ ಹೆಸರನ್ನು ಇಲ್ಲಿ ನೆನೆಯಬೇಕು. ಅವರ ಜನ್ಮದಿನವಾದ ಮಾರ್ಚ್ 10ನ್ನು ನಮ್ಮ ದೇಶದಲ್ಲಿ ಗರ್ಭಾವಧಿಯ ಮಧುಮೇಹದ ಜಾಗೃತಿ ದಿನವಾಗಿ ಆಚರಿಸುತ್ತಾರೆ. ಹಳ್ಳಿಯಿಂದ ಬಸ್ಸು ಹತ್ತಿ ಬಂದ ಗರ್ಭಿಣಿಯನ್ನು, "ಖಾಲಿ ಹೊಟ್ಟೆಯಲ್ಲಿ ನಾಳೆ ಬಾ" ಎಂದು ಹಿಂದಕ್ಕೆ ಕಳಿಸಿದರೆ ಅವಳು ಮತ್ತೆ ಬರುವ ಭರವಸೆಯಿಲ್ಲ. ಆದ್ದರಿಂದ ಊಟವಾಗಿರಲಿ, ಆಗದಿರಲಿ, 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆಗಳ ನಂತರ ಒಮ್ಮೆ ರಕ್ತ ನೋಡಿದರೆ ಸಾಕೆಂಬ ಕ್ರಮಕ್ಕಾಗಿ ಅವರು ದುಡಿದರು. ಕೇಂದ್ರ ಸರ್ಕಾರದ 2014ರ ಮಾರ್ಗಸೂಚಿಯಲ್ಲಿಯೂ 2018ರ ಪರಿಷ್ಕರಣೆಯಲ್ಲಿಯೂ ಇದೇ ಕ್ರಮವಿದೆ. ಹೆಣ್ಣಿನ ಕಷ್ಟವನ್ನು ನೋಡಿ ಪರೀಕ್ಷೆಯನ್ನೇ ಬದಲಿಸಿದ ವೈದ್ಯರಿರುವಾಗ, ನಾವು ಮನೆಯವರು ಮಾತನ್ನಾದರೂ ಬದಲಿಸಬಾರದೇ?

ಮಗಳ ಸೀಮಂತದ ದಿನ ನಮ್ಮವರ ಮಾತಿನ ಎರಡೂ ಮುಖಗಳನ್ನು ನೋಡಿದೆ. ಒಬ್ಬರು ಒಬ್ಬಟ್ಟನ್ನು ಬಾಯಿಗೆ ಹಿಡಿದು, "ಒಂದು ತಿಂದ್ರೆ ಏನೂ ಆಗಲ್ಲ, ಬಯಕೆ ಉಳೀಬಾರದು" ಎಂದರು. ಅವರೇ ಕೈತೊಳೆಯುವಲ್ಲಿ ಇನ್ನೊಬ್ಬರ ಕಿವಿಯಲ್ಲಿ, "ಈ ವಯಸ್ಸಿಗೇ ಶುಗರ್ ಅಂತೆ, ಏನೇನು ತಿಂತಿದ್ದಳೋ" ಎಂದರು. ಪಕ್ಕದ ಮನೆಯ ತಮಿಳು ಪಾಟಿ ಮಾತ್ರ ಒಂದೂ ಮಾತಾಡದೆ, ತಮ್ಮ ವಳೈಕಾಪ್ಪಿನ ರೀತಿಯಲ್ಲಿ ಅವಳ ಎರಡೂ ಕೈಗೆ ಗಾಜಿನ ಬಳೆ ತೊಡಿಸಿ, ತಲೆ ಸವರಿ ಹೋದರು. ಮಗಳು ಆ ದಿನವನ್ನು ನೆನೆದಾಗಲೆಲ್ಲ ಹೇಳುವುದು ಆ ಬಳೆಗಳ ಸದ್ದನ್ನೇ.

ಮನೆಯಲ್ಲಿ ಅವಳನ್ನು ನಿಜವಾಗಿ ಸಂತೈಸಿದವರು ನಮ್ಮ ಯಜಮಾನರು. ಗ್ರಂಥಿಗಳ ಹೆಸರು ಅವರಿಗೆ ಗೊತ್ತಿಲ್ಲ. 2001ರ ಫೆಬ್ರವರಿ 28ರಂದು ಚಿನ್ನದ ಗಣಿ ಮುಚ್ಚುವವರೆಗೆ ಭೂಮಿಯ ಒಳಗೆ ದುಡಿದವರು. ಊಟವಾದ ಮೇಲೆ ದಿನವೂ ಅವಳನ್ನು ಸೈನೈಡ್ ದಿಬ್ಬಗಳು ಕಾಣುವ ರಸ್ತೆಯಲ್ಲಿ ಮೆಲ್ಲಗೆ ನಡೆಸಿಕೊಂಡು ಹೋಗುತ್ತಿದ್ದರು. ಸಕ್ಕರೆಯ ಮಾತೆತ್ತದೆ ಗಣಿಯ ಕಥೆಗಳನ್ನು ಹೇಳುತ್ತಿದ್ದರು. ಒಂದು ದಿನ ನನಗೂ ಹೇಳಿದರು: "ಏರ್ ಬ್ಲಾಸ್ಟ್ ಆದಾಗ ಊರೆಲ್ಲಾ ಶಾಫ್ಟ್ ಹತ್ರ ಓಡ್ತಿತ್ತು. ಒಳಗಿರೋನು ಅಲ್ಲಿಗೆ ಯಾಕೆ ಹೋದ ಅಂತ ಯಾರಾದರೂ ಕೇಳ್ತಿದ್ರಾ? ಮೊದಲು ಮೇಲೆ ಬರಲಿ ಅಂತಿದ್ರು." ನನ್ನ ಬಿ.ಎಡ್. ಮನಶ್ಶಾಸ್ತ್ರದ ಪುಸ್ತಕಕ್ಕಿಂತ ಆ ಮಾತು ಹೆಚ್ಚು ಕಲಿಸಿತು.

ಈ ಅನುಭವದಿಂದ ನಾನು ತಲುಪಿದ ಅಭಿಪ್ರಾಯ ಸರಳವಾದದ್ದು. ಗರ್ಭಿಣಿಯ ಪಥ್ಯವನ್ನು ಅವಳೊಬ್ಬಳ ಮೇಲೆ ಹೊರಿಸಬಾರದು. ಅದು ಮನೆಯ ಪಥ್ಯವಾಗಬೇಕು. ನಾವು ಮೂವರೂ ಒಂದೇ ಅಡುಗೆ ಉಂಡೆವು. ರಾಗಿಮುದ್ದೆಯಿಂದ ಸಕ್ಕರೆ ಏರುವುದೇ ಇಲ್ಲವೆಂಬ ನಂಬಿಕೆ ನಮ್ಮ ಜಿಲ್ಲೆಯಲ್ಲಿ ಬಲವಾಗಿದೆ. ಅದೂ ಪಿಷ್ಟವೇ, ಅಳತೆ ಮುಖ್ಯ. ಮುದ್ದೆ ಚಿಕ್ಕದಾಯಿತು, ಬಸ್ಸಾರಿನ ಸೊಪ್ಪುಕಾಳು ಹೆಚ್ಚಾಯಿತು. ಅವಳ ಎದುರು ನಾವು ಸಿಹಿ ತಿನ್ನಲಿಲ್ಲ, ತಿನ್ನದಿರುವುದನ್ನು ತ್ಯಾಗವೆಂದು ಸಾರಲೂ ಇಲ್ಲ. ಹೆದರಿ ಉಪವಾಸವಿರುವುದು ಪಥ್ಯವಲ್ಲ, ಅದು ತಾಯಿಗೂ ಮಗುವಿಗೂ ಅಪಾಯ. ಇನ್ಸುಲಿನ್ ಎಂದ ಕೂಡಲೇ ಕಾಯಿಲೆ ಮಿತಿಮೀರಿತೆಂದು ಅಳುವುದೂ ಬೇಡ. 1921ರಲ್ಲಿ ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಅದನ್ನು ಬೇರ್ಪಡಿಸುವ ಮುನ್ನ, ಮಧುಮೇಹವಿದ್ದ ಹೆಣ್ಣು ಬಸುರಾಗಿ ಬದುಕಿ ಬರುವುದೇ ದುಸ್ತರವಾಗಿತ್ತು. ದೇಹಕ್ಕೆ ಸಾಲದೆ ಬಂದದ್ದನ್ನು ಹೊರಗಿನಿಂದ ತುಂಬಿಕೊಡುತ್ತೇವೆ, ಅಷ್ಟೇ. ದುಃಖವಾದಾಗ ಅಳಲು ಬಿಡಿ. "ಅಳಬೇಡ, ಮಗುವಿಗೆ ಒಳ್ಳೆಯದಲ್ಲ" ಎಂದರೆ ಅಳುವುದಕ್ಕೂ ಅವಳು ಅಪರಾಧಿಯಾಗುತ್ತಾಳೆ. ಹಲವು ದಿನ ನಿದ್ರೆ ಬಾರದಿದ್ದರೆ, ಯಾವುದೂ ಬೇಡವೆನಿಸಿದರೆ, ಅದನ್ನೂ ಸಕ್ಕರೆಯ ಲೆಕ್ಕದಷ್ಟೇ ಮುಖ್ಯವೆಂದು ವೈದ್ಯರಿಗೆ ತಿಳಿಸಿ.

2016ರ ಆಗಸ್ಟ್‌ನಲ್ಲಿ ಮೊಮ್ಮಗಳು ಹುಟ್ಟಿದಳು. ತೂಕ ಮೂರು ಕಿಲೋ. ಅವಳ ಹಿಮ್ಮಡಿಗೆ ಸೂಜಿ ಚುಚ್ಚಿ ಎರಡು ದಿನ ಸಕ್ಕರೆ ನೋಡುತ್ತಿದ್ದಾಗ ನಮ್ಮ ಜೀವ ಕೈಯಲ್ಲಿತ್ತು, ಎಲ್ಲವೂ ಸರಿಯಾಗಿತ್ತು. ಆರು ವಾರದ ಪರೀಕ್ಷೆಯಲ್ಲಿ ಮಗಳ ಸಕ್ಕರೆಯೂ ಇಳಿದಿತ್ತು. ಪ್ರತಿವರ್ಷ ನಾವಿಬ್ಬರೂ ಒಟ್ಟಿಗೇ ಪರೀಕ್ಷೆ ಮಾಡಿಸಿಕೊಳ್ಳುತ್ತೇವೆ.

ಇಷ್ಟನ್ನೂ ಕಳೆದ ವಾರ ಬಂದ ಹುಡುಗಿಗೆ ಹೇಳಿದೆ, ಕೆಂಪು ಶಾಯಿಯ ಕಥೆಯನ್ನೂ ಬಿಡದೆ. "ತಪ್ಪು ನಿನ್ನದಲ್ಲ. ಇವತ್ತಿನಿಂದ ಊಟ ಬಿಡಬೇಡ. ರೈಲಿನಲ್ಲಿ ತಿನ್ನಲು ಹೊತ್ತಿಗೆ ಸರಿಯಾಗಿ ಡಬ್ಬಿ ಕಟ್ಟಿಕೋ. ಡಾಕ್ಟರ ಹತ್ತಿರ ಗಂಡನನ್ನೂ ಅತ್ತೆಯನ್ನೂ ಕರೆದುಕೊಂಡು ಹೋಗು" ಎಂದೆ. ಆಮೇಲೆ ಅಡುಗೆಮನೆಗೆ ಕರೆದೊಯ್ದು ನಮ್ಮ ಜೊತೆಯಲ್ಲೇ ಊಟಕ್ಕೆ ಕೂರಿಸಿದೆ. ಗಂಡ ಬಂದು ಕರೆದುಕೊಂಡು ಹೋದ. ಎರಡು ದಿನಗಳ ನಂತರ ಫೋನ್ ಮಾಡಿ, "ಅತ್ತೆಗೆ ಹೇಳಿದೆ ಟೀಚರ್. ಅವರಿಗೂ ಶುಗರ್ ಇದೆಯಂತೆ, ಇಷ್ಟು ವರ್ಷ ನಮಗೆ ಯಾರಿಗೂ ಹೇಳಿರಲಿಲ್ಲ" ಎಂದಳು.

ನನ್ನ ವಿದ್ಯಾರ್ಥಿಗಳಲ್ಲಿ ಅನೇಕರು ಈಗ ಗಂಡಂದಿರು, ಕೆಲವರು ಅತ್ತೆ ಮಾವಂದಿರೂ ಆಗಿದ್ದೀರಿ. ನಿಮ್ಮ ಮನೆಯ ಹೆಣ್ಣುಮಗಳು ಇಂಥ ಒಂದು ಚೀಟಿ ಹಿಡಿದು ಬಂದ ದಿನ, ಏನು ತಿಂದೆ ಎಂದು ಕೇಳಬೇಡಿ. ಊಟವಾಯಿತೇ ಎಂದು ಕೇಳಿ.