ಮೂಲೆಯಲ್ಲಿ ನಿಂತ ಯಂತ್ರಗಳ ಲೆಕ್ಕ

ಆಸ್ಪತ್ರೆಗೂ ಪರಿಸರಕ್ಕೂ ಏನು ನಂಟು ಎಂದು ಕೇಳಿದರೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಹಳದಿ, ಕೆಂಪು ಚೀಲಗಳ ತ್ಯಾಜ್ಯ. ಅಥವಾ ಪರಿಸರ ದಿನದಂದು ಆವರಣದಲ್ಲಿ ನೆಟ್ಟು ಮರೆಯುವ ಸಸಿಗಳು. ಮೂಲೆಯ ಕೊಠಡಿಯಲ್ಲಿ ಬಟ್ಟೆ ಹೊದ್ದು ನಿಂತ ಯಂತ್ರವನ್ನು ಯಾರೂ ನೆನೆಯುವುದಿಲ್ಲ. ಆದರೆ ‘ಹೆಲ್ತ್ ಕೇರ್ ವಿದೌಟ್ ಹಾರ್ಮ್’ ಸಂಸ್ಥೆಯು 2019ರಲ್ಲಿ ಹಾಕಿದ ಲೆಕ್ಕದಂತೆ, ಜಗತ್ತಿನ ಹಸಿರುಮನೆ ಅನಿಲಗಳಲ್ಲಿ ಶೇ. 4.4ರಷ್ಟು ಆರೋಗ್ಯಸೇವೆಯ ಪಾಲು. ಅದರಲ್ಲಿಯೂ ಶೇ. 71ರಷ್ಟು ಹುಟ್ಟುವುದು ಔಷಧ, ಉಪಕರಣಾದಿಗಳ ತಯಾರಿಕೆ ಮತ್ತು ಸಾಗಣೆಯ ಸರಪಳಿಯಲ್ಲಿ. ಅಂದರೆ ಯಂತ್ರವೊಂದು ಆಸ್ಪತ್ರೆಯ ಬಾಗಿಲಿಗೆ ಬರುವ ಮೊದಲೇ ಭೂಮಿಗೆ ತನ್ನ ಹೊರೆಯನ್ನು ಹೊರಿಸಿ ಬಂದಿರುತ್ತದೆ. ಅದು ದುಡಿಯದೆ ನಿಂತರೆ ಆ ಹೊರೆಯಷ್ಟೇ ಉಳಿಯುತ್ತದೆ.

ರಾಷ್ಟ್ರೀಯ ಆರೋಗ್ಯ ಅಭಿಯಾನದ ಅಡಿಯಲ್ಲಿ ಸರ್ಕಾರಿ ಆಸ್ಪತ್ರೆಗಳ ಉಪಕರಣಗಳನ್ನು ಎಣಿಸಿದಾಗ 29,115 ಕೇಂದ್ರಗಳಲ್ಲಿ 7,56,750 ಉಪಕರಣಗಳು ಸಿಕ್ಕವು. ಬೆಲೆ ಸುಮಾರು 4,564 ಕೋಟಿ ರೂಪಾಯಿ. ರಾಜ್ಯದಿಂದ ರಾಜ್ಯಕ್ಕೆ ಶೇ. 13ರಿಂದ 34ರಷ್ಟು ಕೆಲಸ ಮಾಡುತ್ತಿರಲಿಲ್ಲ. ಈ ಎಣಿಕೆಯ ಫಲವಾಗಿ 2015ರಲ್ಲಿ ಉಪಕರಣ ನಿರ್ವಹಣೆಯ ಕಾರ್ಯಕ್ರಮವೊಂದು ರೂಪುಗೊಂಡಿತು. ಜಿಲ್ಲಾ ಆಸ್ಪತ್ರೆಯಲ್ಲಿ ಶೇ. 95ರಷ್ಟು, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಶೇ. 80ರಷ್ಟು ಕಾಲ ಯಂತ್ರಗಳು ಸುಸ್ಥಿತಿಯಲ್ಲಿರಬೇಕೆಂಬುದು ಅದರ ಗುರಿ. ಹಳ್ಳಿಯ ಕೇಂದ್ರಕ್ಕೆ ಗುರಿಯೇ ಕಡಿಮೆ ಎಂಬುದನ್ನು ಓದುಗರು ಗಮನಿಸಬೇಕು.

ಆನೆಗೊಂದಿಯ ಬಂಡೆಬೆಟ್ಟಗಳಿಂದ ಇಳಿದು ಸಿದ್ದಾಪುರ, ಕಾರಟಗಿಯ ಭತ್ತದ ಬಯಲಿನವರೆಗೆ ಈ ಮಾತಿನ ಅರ್ಥವನ್ನು ಬಲ್ಲವರೇ ಇದ್ದಾರೆ. ಊರಿನಲ್ಲಿ ಯಂತ್ರ ನಡೆಯದಿದ್ದರೆ ಗಂಗಾವತಿ, ಅಲ್ಲಿಯೂ ಆಗದಿದ್ದರೆ ಕೊಪ್ಪಳ, ಬಳ್ಳಾರಿ ಅಥವಾ ಹುಬ್ಬಳ್ಳಿ. ಕೂಲಿ ಹೋಗುತ್ತದೆ, ಬಾಡಿಗೆ ವಾಹನದ ಡೀಸೆಲ್ ಉರಿಯುತ್ತದೆ, ಕೆಲವೊಮ್ಮೆ ಹೊತ್ತು ಮೀರುತ್ತದೆ.

ದೊಡ್ಡ ಆಸ್ಪತ್ರೆಗಳಲ್ಲಿ ಈಗ ಉಪಕರಣಕ್ಕೆ ಪುಟ್ಟ ಚೀಟಿಯೊಂದನ್ನು ಅಂಟಿಸಿ ಅದರ ಜಾಡು ಹಿಡಿಯುವ ವ್ಯವಸ್ಥೆ ಬಂದಿದೆ. ಯಂತ್ರ ಯಾವ ವಾರ್ಡಿನಲ್ಲಿದೆ, ಎಷ್ಟು ತಾಸು ನಡೆಯಿತು, ಕೊನೆಯ ದುರಸ್ತಿ ಯಾವಾಗ ಎಂಬುದು ಪರದೆಯ ಮೇಲೆ ಕಾಣುತ್ತದೆ. ಇರುವುದು ಕಾಣದೆ ಇನ್ನೊಂದನ್ನು ಕೊಳ್ಳುವ ಚಾಳಿ ಇದರಿಂದ ತಪ್ಪುತ್ತದೆ. ಇದು ನಮಗೆ ತೀರ ಹೊಸತೇನಲ್ಲ. 2015ರಲ್ಲಿ ಆರಂಭವಾದ ‘ಇ-ವಿನ್’ ವ್ಯವಸ್ಥೆಯಲ್ಲಿ ಲಸಿಕೆಯ ಫ್ರಿಜ್ಜಿನೊಳಗಿನ ಮಾಪಕವೇ, ಉಷ್ಣತೆ 2ರಿಂದ 8 ಡಿಗ್ರಿಯ ಎಲ್ಲೆ ದಾಟಿದರೆ ಸಿಬ್ಬಂದಿಯ ಮೊಬೈಲಿಗೆ ಸುದ್ದಿ ಕಳಿಸುತ್ತದೆ. ಲಸಿಕೆಗೆ ತೋರಿದ ಈ ಕಾಳಜಿಯನ್ನು ಉಳಿದ ಯಂತ್ರಗಳಿಗೂ ತೋರಬಾರದೇಕೆ? ಕೃಷಿಯಲ್ಲಿ ‘ಕೃಷಿ ಯಂತ್ರಧಾರೆ’ ಕೇಂದ್ರಗಳು ಒಂದೇ ಯಂತ್ರವನ್ನು ಹಲವು ಹೊಲಗಳಿಗೆ ಬಾಡಿಗೆಗೆ ಕಳಿಸುತ್ತವೆ. ತಾಲ್ಲೂಕಿನ ಆಸ್ಪತ್ರೆಗಳೂ ಹೀಗೆ ಹಂಚಿಕೊಳ್ಳಬಹುದು. ಯಾವುದು ಎಲ್ಲಿದೆ ಎಂಬುದು ತಿಳಿದಿರಬೇಕಷ್ಟೆ.

ನಿಂತ ಯಂತ್ರ ಇದ್ದಂತೆಯೇ ಉಳಿಯುವುದೂ ಇಲ್ಲ. 2021ರ ಕೋವಿಡ್ ಅಲೆಯಲ್ಲಿ ಊರೂರಿಗೆ ಬಂದ ಆಕ್ಸಿಜನ್ ಕಾನ್ಸಂಟ್ರೇಟರುಗಳ ಒಳಗಿರುವ ಜಿಯೋಲೈಟ್ ಹರಳು ಗಾಳಿಯಿಂದ ಸಾರಜನಕವನ್ನು ಸೋಸಿ ತೆಗೆಯುತ್ತದೆ. ಯಂತ್ರವನ್ನು ತಿಂಗಳುಗಟ್ಟಲೆ ನಡೆಸದಿದ್ದರೆ ಆ ಹರಳು ತೇವವನ್ನು ಹೀರಿಕೊಂಡು ಶಕ್ತಿಗುಂದುತ್ತದೆ. ಮತ್ತೆ ಬೇಕಾದ ದಿನ ಗುಂಡಿ ಒತ್ತಿದರೆ ಸದ್ದು ಬರುತ್ತದೆ, ಸಾಕಷ್ಟು ಆಮ್ಲಜನಕ ಬರುವುದಿಲ್ಲ. ಯುಪಿಎಸ್ ಬ್ಯಾಟರಿಯ ಕಥೆಯೂ ಇದೇ. ‘ಈ ಯಂತ್ರ ಅರವತ್ತು ದಿನಗಳಿಂದ ನಡೆದಿಲ್ಲ’ ಎಂದು ಎಚ್ಚರಿಸುವ ಒಂದು ಸಾಲು ಇಲ್ಲಿ ಹೊಸ ಖರೀದಿಗಿಂತ ಅಗ್ಗ.

ಹಾಗೆಂದು ಪ್ರತಿ ಮಂಚಕ್ಕೂ ಬ್ಯಾಟರಿಯ ಬಿಲ್ಲೆ ಅಂಟಿಸಬೇಕೆಂದು ನಾವು ಹೇಳುವುದಿಲ್ಲ. ಆ ಬಿಲ್ಲೆಗಳೂ ನಾಳಿನ ಕಸವೇ. ಹತ್ತಿಪ್ಪತ್ತು ಯಂತ್ರಗಳಿರುವ ಕೇಂದ್ರಕ್ಕೆ ಮೊಬೈಲಿನಿಂದ ಓದಬಹುದಾದ ಕ್ಯೂಆರ್ ಚೀಟಿ, ಅದರ ಹಿಂದೊಂದು ಪಟ್ಟಿ ಮತ್ತು ದುರಸ್ತಿಗೆ ಬರುವ ಮನುಷ್ಯ ಸಾಕು. ಕೊನೆಯವನು ಬಾರದಿದ್ದರೆ ಮೊದಲೆರಡೂ ವ್ಯರ್ಥ.

ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಆರೋಗ್ಯ ರಕ್ಷಾ ಸಮಿತಿಗಳಿವೆ. ಮುಂದಿನ ಸಭೆಯಲ್ಲಿ ಗ್ರಾಮಸ್ಥರು ಕೇಳಬೇಕಾದದ್ದು ಇಷ್ಟು: ಇಲ್ಲಿರುವ ಯಂತ್ರಗಳೆಷ್ಟು, ನಡೆಯುವುದೆಷ್ಟು, ಕೆಟ್ಟದ್ದನ್ನು ಯಾವ ದಿನ ತಿಳಿಸಲಾಗಿದೆ? ಪಟ್ಟಿಯನ್ನು ಗೋಡೆಗೆ ಹಚ್ಚಲು ಹೇಳಿ. ವಿದ್ಯಾರ್ಥಿಗಳು ಅದನ್ನು ಬರೆದುಕೊಡಲು ನೆರವಾಗಬಹುದು. ದುರಸ್ತಿಗೆ ಮೀರಿದವುಗಳನ್ನು ಗುಜರಿಗೆ ಹಾಕುವಂತಿಲ್ಲ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳಲ್ಲಿ ವೈದ್ಯಕೀಯ ಉಪಕರಣಗಳೂ ಸೇರಿದ್ದು, ಅವು ನೋಂದಾಯಿತ ಮರುಬಳಕೆದಾರರಿಗೇ ಹೋಗಬೇಕು. ಆ ಪಟ್ಟಿಯಲ್ಲಿ ಅದಕ್ಕೂ ಒಂದು ಅಂಕಣವಿರಲಿ.