ಸಿತಾರ ಕಲಿಸೂದೂ ಒಂದ್ ಕೆಲಸಾನ ಐತ್ರಿ

ಮದುವಿ, ಕುಬಸ, ಎಲ್ಲಿ ಹೋದ್ರೂ ನನ್ನ ಕೇಳೂದು ಇದೊಂದ: "ನಿಮ್ಮ ಸೊಸಿ ಸಿತಾರ ಬಾರಸ್ತಾಳಂತಲ್ರಿ ವೈನಿ, ಚೊಲೊ ಆತು. ಮತ್ತ ಕೆಲಸಾ ಏನ್ ಮಾಡ್ತಾಳ?" ಕೇಳಾವ್ರು ಕೆಟ್ಟವ್ರಲ್ಲ. ಅವರ ತಲ್ಯಾಗ ಕೆಲಸ ಅಂದ್ರ ಮುಂಜಾನೆ ಡಬ್ಬಿ ಕಟ್ಟಿಕೊಂಡು ಗೋಕಾಕ ಬಸ್ ಹತ್ತೂದು, ತಿಂಗಳಿಗೊಮ್ಮೆ ಪಗಾರ ಎಣಸೂದು. ನಮ್ಮಾಕಿ ಪಡಸಾಲ್ಯಾಗ ಚಾಪಿ ಹಾಸಿ ಹುಡುಗ್ರಿಗೆ ಕಲಸ್ತಾಳ, ವರ್ಷದಾಗ ನಾಕೈದು ಕಡೆ ಕಾರ್ಯಕ್ರಮ ಕೊಡ್ತಾಳ. ಅದು ಮಂದಿ ಲೆಕ್ಕದಾಗ ಹವ್ಯಾಸ. ನಾ ಇದನ್ನ ಒಪ್ಪಂಗಿಲ್ಲ.

ಧಾರವಾಡದ ಒಂದು ಮನೆತನ ನೋಡ್ರಿ. ಸಿತಾರ ರತ್ನ ಅನಿಸಿಕೊಂಡ ರಹಿಮತ್ ಖಾನರು ಧಾರವಾಡಕ್ಕ ಬಂದು ನೆಲಸಿದ್ರು. ಅವರ ಮೊಮ್ಮಗ ಉಸ್ತಾದ ಬಾಲೇಖಾನರು 1942ರಾಗ ಹುಟ್ಟಿ 2007ರಾಗ ತೀರಿಕೊಂಡ್ರು. ಅವರ ಮನೆತನದಾಗ ಸಿತಾರ ಹಿಡದವ್ರು ಬಾಳ ಮಂದಿ. ಊರೂರಿಗೆ ಹೋಗಿ ಕಚೇರಿ ಮಾಡೂದೊಂದ, ಊರಾಗ ಕುಂತು ಕಲಿಸೂದೊಂದ, ಎರಡೂ ಕೂಡಿದ್ರನ ಅವರ ವೃತ್ತಿ. ಕಲಿಸೂದು ಬಿಟ್ಟಿದ್ರ ಧಾರವಾಡದಾಗ ಸಿತಾರ ಉಳೀತಿತ್ತೇನ್ರಿ?

ನಮಗ ಇನ್ನೂ ಹತ್ತರ ಅಂದ್ರ ವಿಷ್ಣು ದಿಗಂಬರ ಪಲುಸ್ಕರರು. 1872ರಾಗ ಕುರುಂದವಾಡದಾಗ ಹುಟ್ಟಿದವರು, ಮಿರಜದಾಗ ಗಾಯನ ಕಲತವರು. 1901ರಾಗ ಲಾಹೋರಕ್ಕ ಹೋಗಿ ಗಾಂಧರ್ವ ಮಹಾವಿದ್ಯಾಲಯ ತಗದ್ರು. ಶಾಲಿ ನಡಸಾಕ ತಾವ ಕಚೇರಿ ಮಾಡಿ ರೊಕ್ಕ ಕೂಡಸ್ತಿದ್ರು. ಇವತ್ತ ನಮ್ಮ ಹುಡುಗ್ರು ಪ್ರಾರಂಭಿಕ, ಮಧ್ಯಮಾ, ವಿಶಾರದ ಅಂತ ಪರೀಕ್ಷಾ ಕಟ್ಟತಾರಲ್ಲ, ಅದರ ಬೇರು ಅಲ್ಲೈತಿ. ಸರೋದದ ರಾಜೀವ ತಾರಾನಾಥರ ಸುದ್ದಿನೂ ಹಂಗ. ಇಂಗ್ಲಿಷ್ ಪ್ರೊಫೆಸರ್ ಇದ್ದವರು. ಆ ನೌಕರಿ ಬಿಟ್ಟು ಸರೋದನ ಹಿಡದ್ರು. 1995ರಿಂದ 2005ರ ತನಕ ಅಮೆರಿಕಾದ ಕ್ಯಾಲಿಫೋರ್ನಿಯಾದ ಕಲಾ ಸಂಸ್ಥಾದಾಗ ನಮ್ಮ ಸಂಗೀತ ಕಲಿಸಿದ್ರು, 2019ರಾಗ ಪದ್ಮಶ್ರೀ ಬಂತು. 2024ರಾಗ ಮೈಸೂರಾಗ ತೀರಿಕೊಂಡಾಗ ಪೇಪರಿನ್ಯಾಗ ಓದಿದ್ದು ನೆನಪೈತಿ. ಅವರಿಗೆ ಯಾರೂ "ಮತ್ತ ಕೆಲಸಾ ಏನ್ರಿ" ಅಂತ ಕೇಳಿರಾಕಿಲ್ಲ.

ಇಲ್ಲೊಂದು ಮಾತು ಹೇಳೇ ಬಿಡ್ತೀನಿ. ಹಿಂತಾ ಗಂಡಸರು ರಿಯಾಜಕ್ಕ ಕುಂತ್ರ "ಒಲಿ ಮ್ಯಾಲ ಹಾಲ ಉಕ್ಕಾಕತ್ತೈತಿ, ನೋಡ್ರಿ" ಅಂತ ಮನ್ಯಾಗ ಯಾರೂ ಕೂಗಂಗಿಲ್ಲ. ಸೊಸಿ ಕುಂತ್ರ ಎಲ್ಲಾರೂ ಕೂಗ್ತಾರ. ಬಲಗೈ ತೋರಬಳ್ಳಿಗೆ ಮಿಜರಾಬ ಅಂತ ತಂತಿ ಉಂಗುರ ಸಿಗಿಸಿಕೊಂಡು ಬಾರಸ್ತಾರ. ಎಡಗೈ ಬಳ್ಳಿನ್ಯಾಗ ತಂತಿ ಒತ್ತಿ ಮಗ್ಗಲಕ್ಕ ಎಳೀಬೇಕು. ಅದಕ್ಕ ಮೀಂಡ ಅಂತಾರ. ಎಳದೆಳದ ಬಳ್ಳಿನ ತುದಿ ಗಟ್ಟಿ ಆಗಿ ಗೆರಿ ಬಿದ್ದಿರ್ತಾವ. ಭಾಂಡೆ ತಿಕ್ಕಿ, ಅರಬಿ ಒಗದು ನೀರಾಗ ನೆಂದ ಕೈಲೆ ಹಂಗ ಕುಂತ್ರ ಆ ಗಟ್ಟಿ ತೊಗಲು ಮೆತ್ತಗಾಗಿ ತಂತಿ ಕೊಯ್ತದ. ಇದು ನನಗ ಯಾರೂ ಹೇಳಿಲ್ಲ, ಆಕಿ ಬಳ್ಳ ನೋಡಿ ತಿಳಕೊಂಡಿದ್ದು. ಅದಕ್ಕ ನಮ್ಮನ್ಯಾಗ ಮುಂಜಾನೆ ಭಾಂಡೆ ನನ್ನ ಪಾಲಿಗೆ, ಇಲ್ಲಾ ನಮ್ಮ ಮಗನ ಪಾಲಿಗೆ. ಓಣ್ಯಾಗ ನಗ್ತಾರ. ನಗಲಿ.

ಇನ್ನ ರೊಕ್ಕದ ಮಾತು. ಗಣಪತಿ ಪೆಂಡಾಲಕ್ಕ ಕರೀತಾರ. ಮೈಕಿನವರಿಗೆ ಅಡ್ವಾನ್ಸ, ಲೈಟಿನವರಿಗೆ ಅಡ್ವಾನ್ಸ. ಸಿತಾರದಾಕಿಗೆ ಶಾಲು, ಹಾರ, ಒಂದು ಕಾಯಿ! ತಬಲಾದವರ ಖರ್ಚು, ಗಾಡಿ ಭಾಡಿಗಿ ನಮ್ಮ ಕಿಸೆದಾಗಿಂದ. ಹಿಂತಾ ಶಾಲು ಟ್ರಂಕಿನ್ಯಾಗ ಹದಿನೆಂಟ ಅದಾವ, ಒಂದೂ ಅಂಗಡ್ಯಾಗ ನಡ್ಯಾಂಗಿಲ್ಲ. ಕಲಿಸೂದಕ್ಕ ತಿಂಗಳಿಗೆ ನಾಕನೂರು ಅಂದ್ರ ಅದಕ್ಕೂ ಚೌಕಾಶಿ. "ಈ ತಿಂಗಳ ಎರಡ ವಾರ ಬಂದಿಲ್ರಿ, ಅರ್ಧಾ ತಗೋರಿ" ಅಂತಾರ. ಅದ ತಾಯಿ ಗಣಿತದ ಟ್ಯೂಶನ್ನಿಗೆ ಸಾವಿರದ ಐನೂರು ತುಟಿ ಪಿಟಕ್ಕನ್ನದ ಕೊಟ್ಟು ಬರ್ತಾಳ. ಗಣಿತ ಕಲೀಲಿ, ಬ್ಯಾಡನ್ನಂಗಿಲ್ಲ. ಆದ್ರ ಎರಡೂ ಕಡೆ ಕಲಿಸಾವ್ರ ತಾಸು ಒಂದ ಅಲ್ಲೇನು?

ವಾದ್ಯದ ಖರ್ಚ ಮಂದಿಗೆ ಕಾಣಂಗಿಲ್ಲ. ಘಟಪ್ರಭಾದಾಗ ರೈಲ್ ಹತ್ತಿ ರಾಯಬಾಗ, ಕುಡಚಿ ದಾಟಿದ್ರ ಮಿರಜ. ಅಲ್ಲಿ ಶಿಕಲಗಾರ ಮಂದಿ ಮೊದಲ ಕತ್ತಿ, ಹತಾರ ಮಾಡ್ತಿದ್ರಂತ. ಅದಕ್ಕ ಗಿರಾಕಿ ಕಡಿಮಿ ಆದ ಮ್ಯಾಲ ತಂಬೂರಿ, ಸಿತಾರ ಮಾಡಾಕ ಹತ್ತಿದ್ರು. 2024ರಾಗ ಮಿರಜದ ಸಿತಾರಕ್ಕ, ತಂಬೂರಿಗೆ ಜಿಐ ಟ್ಯಾಗೂ ಸಿಕ್ಕೈತಿ. ತಂತಿ ಕುಂದ್ರೂ ಪಟ್ಟಿ ಬಾರಿಸಿ ಬಾರಿಸಿ ಸವೀತದ, ನಾದ ಸತ್ತಂಗ ಆಗ್ತದ. ಅದನ್ನ ತಿಕ್ಕಿ ಸರಿ ಮಾಡಸೂದಕ್ಕ ಜವಾರಿ ಅಂತಾರ. (ನಾ ಮೊದಲ ಕೇಳಿದಾಗ ಜವಾರಿ ಸೌತಿಕಾಯಿ ಸುದ್ದಿ ಅಂತ ತಿಳಕೊಂಡಿದ್ದೆ.) ಎಲ್ಲಾ ಕೈಗೆ ಜವಾರಿ ಮಾಡಾಕ ಬರಂಗಿಲ್ಲ. ಕಲತ ಕೈ ಬೇಕು, ಆ ಕೈಗೆ ರೊಕ್ಕ ಕೊಡಬೇಕು. ಅಲ್ಲಿ ಯಾರೂ ಶಾಲು ಹೊಚ್ಚಿ ಬರಂಗಿಲ್ಲ.

ಹೋದ ತಿಂಗಳ ಒಂದು ಸೊಸೈಟ್ಯಾಗ ಕ್ಲರ್ಕ್ ಜಾಗಾ ಐತಿ, ಹನ್ನೆರಡ ಸಾವಿರ ಕೊಡ್ತಾರ ಅಂತ ಬೀಗರ ಕಡೆಯವರು ಹೇಳಿ ಕಳಿಸಿದ್ರು. ಸೊಸಿ ಎರಡ ದಿನ ಸುಮ್ನಿದ್ಲು. ಆಮ್ಯಾಲ "ಅತ್ಯಾರ, ಹೋದ್ರ ಮನಿಗೆ ಆಸರ ಆಗ್ತದ, ಹೌದಿಲ್ರಿ?" ಅಂದ್ಲು. ಆಗ್ತದ, ಸುಳ್ಳ ಯಾಕ ಹೇಳಲಿ. ಕಬ್ಬಿನ ಬಿಲ್ಲ ಇನ್ನೂ ಬಂದಿಲ್ಲ, ಮೊಮ್ಮಗನ ಶಾಲಿ ಫೀ ಐತಿ. ಆದ್ರ ಮುಂಜಾನೆ ಒಂಬತ್ತಕ್ಕ ಹೋಗಿ ಸಂಜಿ ಏಳಕ್ಕ ಬಂದಾಕಿ ಯಾವಾಗ ರಿಯಾಜ ಮಾಡ್ಬೇಕು? ವರ್ಷದಾಗ ಬಳ್ಳ ಮೆತ್ತಗಾಗ್ತಾವ. ಹನ್ನೊಂದ ಹುಡುಗ್ರು ಕಲಿಯಾಕ ಬರ್ತಾರ, ಅವರೇನ್ ಧಾರವಾಡಕ್ಕ ಹೋಗಾವ್ರಲ್ಲ, ಅಲ್ಲಿಗೇ ಬಿಡಾವ್ರು.

ನಾ ಲೆಕ್ಕಾ ಹಾಕಿದೆ. ಫೀ ಏಳನೂರ ಮಾಡಿ, ಬಂದ್ರೂ ಬರದಿದ್ರೂ ತಿಂಗಳ ಪೂರಾ ತಗೊಂಡ್ರ ಏಳ ಸಾವಿರದ ಏಳನೂರ ಆಗ್ತದ. ನಾಕ ಹುಡುಗ್ರು ಹೆಚ್ಚಾದ್ರ ಹತ್ತರ ಮ್ಯಾಲ. ಕಾರ್ಯಕ್ರಮಕ್ಕ ಕರಿಯಾಕ ಬಂದವರಿಗೆ ತಬಲಾದವರ ರೊಕ್ಕ, ಗಾಡಿ ರೊಕ್ಕ, ಆಕಿ ರೊಕ್ಕ ಮೊದಲ ಮಾತಾಡ್ರಿ ಅಂತ ನಾನ ಹೇಳ್ತೀನಿ, ಆಕಿಗೆ ನಾಚಿಕಿ. ಜೂನ್ ಒಂದರಿಂದ ಹೊಸ ಫೀ ಅಂತ ರಟ್ಟಿನ ಮ್ಯಾಲ ಬರದು ಪಡಸಾಲಿ ಗ್ವಾಡಿಗೆ ಹಚ್ಚೀನಿ. ಇಬ್ಬರು ತಾಯಂದಿರು ಓದಿ ಸುಮ್ನ ಹೋದ್ರು, ಒಬ್ಬಾಕಿ ಮುಂಗಡನ ಕೊಟ್ಲು.