ಗುಟ್ಟು ಯಂತ್ರದಲ್ಲಿಯೋ, ಬರೆಹದಲ್ಲಿಯೋ?

ಸರಕಾರದ ಕಚೇರಿಯ ಗಣಕಯಂತ್ರಕ್ಕೆ ಬೀಗಮುದ್ರೆ ಬಿದ್ದೊಡನೆ ಅದರೊಳಗಿನದೆಲ್ಲವೂ ರಾಜ್ಯರಹಸ್ಯವಾಯಿತೆಂದು ವಾದಿಸುವವರುಂಟು. ಇದಕ್ಕಿಂತ ಅಶಾಸ್ತ್ರೀಯವಾದ ಮಾತು ಬೇರೊಂದಿರಲಾರದು.

1905ರಲ್ಲಿ ಮೈಸೂರಿನ ಪ್ರಾಚ್ಯಪುಸ್ತಕಾಲಯದಲ್ಲಿ ಶಾಮಶಾಸ್ತ್ರಿಗಳಿಗೆ ದೊರೆತು 1909ರಲ್ಲಿ ಅಚ್ಚಾದ ಕೌಟಲ್ಯನ ಅರ್ಥಶಾಸ್ತ್ರವು, ಮಂತ್ರಾಲೋಚನೆಯ ಸ್ಥಳಕ್ಕೆ ಹಕ್ಕಿಯೂ ಇಣುಕಬಾರದೆಂದು ವಿಧಿಸುವುದು. ಗಿಳಿಗಳೂ ಗೊರವಂಕಗಳೂ ಗುಟ್ಟನ್ನು ರಟ್ಟುಮಾಡಿದವೆಂಬ ಐತಿಹ್ಯವನ್ನೂ ಅಲ್ಲಿ ಹೇಳಿದೆ. ಆದರೆ ಗಿಳಿಯು ಗಿಳಿಯಾದುದರಿಂದ ಅಪಾಯಕರವಲ್ಲ. ಮಂತ್ರವನ್ನು ಕೇಳಿದುದರಿಂದ ಅಪಾಯಕರ. ಗಣಕಯಂತ್ರವೂ ಅಂತಹ ಗಿಳಿಯೇ. ಸೇನೆಯ ಸನ್ನಾಹ, ಪರರಾಷ್ಟ್ರಗಳೊಡನೆ ನಡೆಯುವ ಸಂಧಾನ ಮೊದಲಾದ ಬರೆಹವು ಅದರಲ್ಲಿ ಕೂಡಿದ್ದರೆ, ಅಥವಾ ಅದರ ಮೂಲಕ ಹಾದುಹೋಗುತ್ತಿದ್ದರೆ, ಅದು ರಹಸ್ಯವಾಹಕ. ಪಡಿತರದ ಪಟ್ಟಿಯನ್ನಿಟ್ಟ ಯಂತ್ರಕ್ಕೆ ಏಳು ಬೀಗ ಜಡಿದರೂ ಅದಕ್ಕೆ ಆ ಪದವಿ ಬಾರದು.

ಶಾಸನಗಳೇ ಈ ಗೊಂದಲಕ್ಕೆ ಎಡೆಗೊಟ್ಟಿವೆ. 1923ರ ಅಧಿಕೃತ ರಹಸ್ಯಗಳ ಕಾಯಿದೆಯು 'ರಹಸ್ಯ'ವೆಂಬ ಪದಕ್ಕೇ ಲಕ್ಷಣ ಹೇಳಿಲ್ಲ! ಲಕ್ಷಣವಿಲ್ಲದೆ ವಾದಕ್ಕಿಳಿದ ವಿದ್ಯಾರ್ಥಿಯು ಪಾಠಶಾಲೆಯಲ್ಲಿ ಮೊದಲ ದಿನವೇ ಛಡಿಯೇಟು ತಿನ್ನುತ್ತಿದ್ದನು. 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯ 70ನೆಯ ಪ್ರಕರಣವಾದರೋ, 2008ರ ತಿದ್ದುಪಡಿಯ ತರುವಾಯ, ಕೆಟ್ಟರೆ ದೇಶದ ಭದ್ರತೆ, ಅರ್ಥವ್ಯವಸ್ಥೆ, ಜನಾರೋಗ್ಯ, ಕ್ಷೇಮಗಳಿಗೆ ಧಕ್ಕೆ ತರುವ ವ್ಯವಸ್ಥೆಗಳನ್ನು 'ಸಂರಕ್ಷಿತ'ವೆಂದು ಘೋಷಿಸಲು ಅಧಿಕಾರವಿತ್ತಿದೆ. ಅಪ್ಪಣೆಯಿಲ್ಲದೆ ಹೊಕ್ಕವನಿಗೆ 10 ವರ್ಷಗಳವರೆಗೆ ಸೆರೆ. ಆಧಾರ್ ಭಂಡಾರವು 2015ರಲ್ಲಿ ಹೀಗೆ ಘೋಷಿತವಾಯಿತು. ಯುಕ್ತವೇ. ಆದರೆ ಅದರಲ್ಲಿರುವುದು ಪ್ರಜೆಗಳ ಗುಟ್ಟು, ರಾಜ್ಯದ್ದಲ್ಲ. ಸಂರಕ್ಷಣೆಯೇ ರಹಸ್ಯವೆಂದು ಬಗೆಯುವುದು ಭ್ರಾಂತಿ.

ದೂರದ ದೃಷ್ಟಾಂತವೇತಕ್ಕೆ? ತೀರ್ಥಹಳ್ಳಿ ಸೀಮೆಯ ಅಂಬುತೀರ್ಥದಲ್ಲಿ ಹುಟ್ಟಿ ಹೊಸನಗರವನ್ನು ಹಾದು ಬರುವ ಶರಾವತಿಯನ್ನು ಸಾಗರ ತಾಲೂಕಿನ ಲಿಂಗನಮಕ್ಕಿಯಲ್ಲಿ 1964ರಿಂದ ಕಟ್ಟಿ ನಿಲ್ಲಿಸಿದೆ. ಅಂತಹ ಅಣೆಕಟ್ಟಿನ ಬಾಗಿಲುಗಳನ್ನು ಗಣಕಯಂತ್ರವು ನಡೆಸುವುದಾದರೆ, ಅದರ ಸಂಕೇತಪದವು ಅನ್ಯರ ಕೈಸೇರಕೂಡದು, ಇದರಲ್ಲಿ ವಿವಾದವಿಲ್ಲ. ಆದರೆ ನೀರು 1819 ಅಡಿಯ ಗರಿಷ್ಠ ಮಟ್ಟಕ್ಕೆ ಎಷ್ಟು ಸಮೀಪಿಸಿತೆಂಬುದನ್ನು ಅದೇ ಯಂತ್ರವು ಬಲ್ಲುದು. ಯಂತ್ರ ಗೋಪ್ಯವೆಂಬ ನೆವದಿಂದ ಅದನ್ನೂ ಮುಚ್ಚಿಟ್ಟರೆ, ಗೇರುಸೊಪ್ಪೆಯ ಕೆಳಗಣ ತೋಟದವನಿಗೂ ಹೊನ್ನಾವರದ ದೋಣಿಯವನಿಗೂ ಗತಿಯೇನು? ಯಂತ್ರವೊಂದೇ, ಒಂದು ಬರೆಹ ಬಚ್ಚಿಡತಕ್ಕದ್ದು, ಇನ್ನೊಂದು ಡಂಗುರ ಸಾರತಕ್ಕದ್ದು.

ಸಂದೇಹವಿದ್ದಲ್ಲಿ ಎಲ್ಲವನ್ನೂ ಮುಚ್ಚುವುದೇ ಕ್ಷೇಮವೆಂದು ಪ್ರತಿವಾದಿಗಳು ಹೇಳಬಹುದು. ಎಲ್ಲ ಕಡತಕ್ಕೂ ಒಂದೇ ಮುದ್ರೆಯಾದರೆ ಗುಮಾಸ್ತನು ಯಾವುದನ್ನೂ ಎಚ್ಚರದಿಂದ ಕಾಯನು. ಅದೂ ಅಲ್ಲದೆ, 2005ರ ಮಾಹಿತಿ ಹಕ್ಕಿನ ಕಾಯಿದೆಯ 8(2)ನೆಯ ಪ್ರಕರಣವು, ಹಾನಿಗಿಂತ ಲೋಕಹಿತವು ಮಿಗಿಲಾದಲ್ಲಿ, 1923ರ ಕಾಯಿದೆಯಿದ್ದಾಗ್ಯೂ ಮಾಹಿತಿಯನ್ನು ಕೊಡಬಹುದೆಂದಿದೆ. ಮುದ್ರೆಯನ್ನೊತ್ತುವ ಅಧಿಕಾರಿಯು, ಯಾವ ಬರೆಹಕ್ಕಾಗಿ, ಯಾವ ಕಾರಣದಿಂದ, ಎಷ್ಟು ಕಾಲದವರೆಗೆ ಎಂಬುದನ್ನು ಬರೆದು ರುಜು ಹಾಕಲಿ.